ಲೆಕ್ಕದಲ್ಲಿ ಲಾಭ, ಕೈಯಲ್ಲಿ ಕಾಸಿಲ್ಲ

ಪೀಣ್ಯದಲ್ಲಿ ನಮ್ಮದು ಸಣ್ಣ ಲೇತ್ ವರ್ಕ್‌ಶಾಪ್. ಆರ್ಡರ್‌ಗೆ ಬರವಿರಲಿಲ್ಲ, ಆದರೂ ಸಂಬಳಕ್ಕೆ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲವೇ ಗತಿ, ಅದರ ಬಡ್ಡಿ ಲಾಭವನ್ನೆಲ್ಲ ತಿನ್ನುತ್ತಿತ್ತು. 2024ರ ಫೆಬ್ರವರಿಯ ಒಂದು ಭಾನುವಾರ ಬಾಕಿ ಬಿಲ್‌ಗಳನ್ನು ಮೇಜಿನ ಮೇಲೆ ಹರಡಿ ತಾರೀಕಿನ ಪ್ರಕಾರ ಜೋಡಿಸಿದೆ. ಅರ್ಧಕ್ಕಿಂತ ಹೆಚ್ಚು ಹಣ ಒಬ್ಬರೇ ದೊಡ್ಡ ಗಿರಾಕಿ ಹತ್ತಿರ, 90 ದಿನ ದಾಟಿ ಕೂತಿತ್ತು. ಕೇಳಿದರೆ ಆರ್ಡರ್ ತಪ್ಪೀತೆಂಬ ಹೆದರಿಕೆ ನನಗೆ.

ಕಿರು, ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆಯೇ ಹೇಳುತ್ತದೆ. ಆದರೆ ಕೆಲಸಕ್ಕೆ ಬಂದದ್ದು ಆಗಿನ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಕಲಂ: ಗಡುವು ಮೀರಿದರೆ ಗಿರಾಕಿ ಆ ಖರ್ಚನ್ನು ಹಣ ಕೊಟ್ಟ ವರ್ಷವೇ ತನ್ನ ತೆರಿಗೆ ಲೆಕ್ಕದಲ್ಲಿ ಕಳೆಯಬಹುದು, ಮೊದಲೇ ಅಲ್ಲ. ನಮ್ಮದು ಸಣ್ಣ ಉದ್ದಿಮೆ ಎಂದು ತೋರಿಸುವ ಸರ್ಕಾರಿ ನೋಂದಣಿ ಪತ್ರ, ಉದ್ಯಮ್ ಸರ್ಟಿಫಿಕೇಟ್ ಹಿಡಿದು ಆ ದೊಡ್ಡ ಗಿರಾಕಿಯ ಅಕೌಂಟೆಂಟ್ ಹತ್ತಿರ ಹೋದೆ. "ಸಾರ್, ಮಾರ್ಚ್ ಕಳೆದರೆ ತೆರಿಗೆ ಹೊರೆ ನಿಮಗೇ." ಮೂರು ವಾರದಲ್ಲಿ ಹಳೇ ಬಾಕಿ ಬಂತು.

ಈಗ ಬಿಲ್ ಮೇಲೆ ಕೊನೇ ದಿನ ಅಚ್ಚಾಗಿರುತ್ತದೆ. ಐದು ದಿನ ಮೊದಲೇ ಫೋನ್ ಮಾಡುತ್ತೇನೆ.