ಕ್ಯುಪರ್ಟಿನೊದಲ್ಲೊಂದು ತೊಟ್ಟಿಮನೆ: ಕೊಂಡ ಬಗೆ, ಮಾರಿದ ಬಗೆ

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿ ಫೇರ್‌ಗ್ರೋವ್ ಎಂಬ ಬಡಾವಣೆಯಿದೆ. ಅಲ್ಲಿ ನಾವು ಮನೆ ಕೊಂಡದ್ದು 2012ರಲ್ಲಿ, ಮಾರಿದ್ದು 2023ರಲ್ಲಿ. ಅಂಥದೇ ಮನೆ ಕೊಳ್ಳಬೇಕೆಂದಿರುವ ಗೆಳೆಯರು ಆಗಾಗ ಫೋನು ಮಾಡಿ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಒಂದೆಡೆ ಬರೆದಿಡುತ್ತಿದ್ದೇನೆ.

ಈ ಮನೆಗಳನ್ನು ಕಟ್ಟಿಸಿದವರು ಜೋಸೆಫ್ ಐಕ್ಲರ್. ಎರಡನೆಯ ಮಹಾಯುದ್ಧದ ನಂತರ ಮಧ್ಯಮವರ್ಗದ ಕುಟುಂಬಗಳಿಗಾಗಿ ಅವರು ಸುಮಾರು 11,000 ಮನೆಗಳನ್ನು ಕಟ್ಟಿದರು. ಹೆಚ್ಚಿನವು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತಲೇ ಇವೆ. ಆ ಕಾಲದ ಉಳಿದ ಬಿಲ್ಡರುಗಳು ಒಂದೇ ನಕ್ಷೆ ಹಿಡಿದು ಸಾಲುಮನೆ ಏಳಿಸುತ್ತಿದ್ದಾಗ ಇವರು ಆನ್‌ಶೆನ್ ಮತ್ತು ಆಲನ್, ಜೋನ್ಸ್ ಮತ್ತು ಎಮನ್ಸ್, ಕ್ಲಾಡ್ ಓಕ್ಲೆಂಡ್ ಅವರಂಥ ವಾಸ್ತುಶಿಲ್ಪಿಗಳಿಂದ ವಿನ್ಯಾಸ ಮಾಡಿಸಿದರು. ಭಾರ ಹೊರುವುದು ಕಂಬ ಮತ್ತು ತೊಲೆ. ಗೋಡೆಗೆ ಆ ಹೊಣೆಯಿಲ್ಲದ್ದರಿಂದ ಹಿತ್ತಲಿನ ಕಡೆಗೆ ನೆಲದಿಂದ ಮುಚ್ಚಿಗೆಯವರೆಗೆ ಗಾಜು. ರಸ್ತೆಯ ಕಡೆಗೆ ಹೆಚ್ಚುಕಡಿಮೆ ಕಿಟಕಿಯೇ ಇಲ್ಲ. ಮುಂಬಾಗಿಲು ದಾಟಿದರೆ ನೇರ ಆಕಾಶಕ್ಕೆ ತೆರೆದ ಅಂಗಳ, ಅದರ ಸುತ್ತ ಕೋಣೆಗಳು.

ಅಮ್ಮ ತೀರ್ಥಹಳ್ಳಿಯಿಂದ ಮೊದಲ ಸಲ ಬಂದಾಗ ಚಪ್ಪಲಿ ಬಿಡುವುದನ್ನೂ ಮರೆತು ಅಂಗಳದ ನಡುವೆ ನಿಂತು ಮೇಲೆ ನೋಡಿದರು. "ಇದು ನಮ್ಮ ತೊಟ್ಟಿಮನೆಯೇ ಆಯಿತಲ್ಲೋ!" ಎಂದರು. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಆ ಪ್ರೀತಿಯೊಂದನ್ನೇ ನಂಬಿ ಕೊಂಡಿದ್ದರೆ ಕೈ ಸುಟ್ಟುಕೊಳ್ಳುತ್ತಿದ್ದೆವು.

ಇಲ್ಲಿ ಮನೆಗಳು ಮಾರಾಟಕ್ಕೆ ಬರುವುದೇ ಅಪರೂಪ. ಅದಕ್ಕೊಂದು ಮುಖ್ಯ ಕಾರಣ 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಎಂಬ ತೆರಿಗೆ ನಿಯಮ. ಆ ನಿಯಮದಂತೆ ಆಸ್ತಿತೆರಿಗೆಗೆ ಹಿಡಿಯುವ ಬೆಲೆ ಕೊಂಡ ದಿನದ್ದು, ಅದು ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಮೂವತ್ತು ನಲವತ್ತು ವರ್ಷದಿಂದ ಇರುವವರ ತೆರಿಗೆ ತೀರಾ ಕಡಿಮೆ, ಮಾರಿ ಬೇರೆಡೆ ಹೋಗಲು ಅವರಿಗೆ ಮನಸ್ಸೇ ಬರುವುದಿಲ್ಲ. ಹಾಗಾಗಿ ಒಂದು ಮನೆ ಬಂತೆಂದರೆ ಹತ್ತು ಜನ ಮುಗಿಬೀಳುತ್ತಾರೆ. ಗೆಲ್ಲಬೇಕಿದ್ದರೆ ಯಾವ ಷರತ್ತೂ ಹಾಕಬೇಡಿ, ತಪಾಸಣೆಯಲ್ಲಿ ದೋಷ ಕಂಡರೆ ಹಿಂದೆ ಸರಿಯುವ ಷರತ್ತನ್ನೂ ಬಿಟ್ಟುಬಿಡಿ ಎಂದು ನಮ್ಮ ಏಜೆಂಟ್ ಸಲಹೆ ಕೊಟ್ಟರು. ಎರಡು ಮನೆಗಳು ಕೈತಪ್ಪಿದ ಮೇಲೆ ನಾವೊಂದು ದಾರಿ ಕಂಡುಕೊಂಡೆವು: ಬೆಲೆ ಹೇಳುವುದಕ್ಕೆ ಮೊದಲೇ ಮಾರುವವರ ಒಪ್ಪಿಗೆ ಪಡೆದು ಸ್ವಂತ ಖರ್ಚಿನಲ್ಲಿ ತಪಾಸಣೆ ಮಾಡಿಸುವುದು. ಮನೆ ಸಿಗದಿದ್ದರೆ ಆ ದುಡ್ಡು ಹೋಯಿತು, ನಿಜ. ಆದರೆ ಷರತ್ತಿಲ್ಲದೆ ಬೆಲೆ ಕೂಗುವಾಗ ಕಣ್ಣು ತೆರೆದಿರುತ್ತದೆ.

ಈ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ನೆಲ. ಬಿಸಿಗಾಳಿಯ ಕೊಳವೆಗಳು ಇಲ್ಲಿಲ್ಲ. ಕಾಂಕ್ರೀಟ್ ನೆಲದೊಳಗೆ ಹುದುಗಿಸಿದ ಪೈಪುಗಳಲ್ಲಿ ಬಿಸಿನೀರು ಹರಿದು ಇಡೀ ನೆಲ ಬೆಚ್ಚಗಾಗುತ್ತದೆ. ನಮ್ಮದರಲ್ಲಿ ತಾಮ್ರದ ಪೈಪು. ಕೊರಿಯಾ ಯುದ್ಧದ ಕಾಲದಲ್ಲಿ ತಾಮ್ರಕ್ಕೆ ಬರ ಬಂದು ಕೆಲವು ಮನೆಗಳಿಗೆ ಉಕ್ಕಿನ ಪೈಪು ಹಾಕಿದ್ದರು. ಅವು ತುಕ್ಕು ಹಿಡಿಯುತ್ತವೆ. ನಾವು ಮನೆ ನೋಡಲು ಹೋದದ್ದು ಜನವರಿಯ ಒಂದು ಬೆಳಿಗ್ಗೆ. ಬಾಯ್ಲರ್ ಹಚ್ಚಿಡಲು ಮೊದಲೇ ಕೇಳಿಕೊಂಡಿದ್ದೆ. ಶೂ, ಕಾಲುಚೀಲ ತೆಗೆದು ಬರಿಗಾಲಲ್ಲಿ ಒಂದೊಂದೇ ಹೆಜ್ಜೆ ಇಡುತ್ತಾ ಇಡೀ ಮನೆ ಸುತ್ತಿದೆ. ಹಜಾರ ಬೆಚ್ಚಗಿತ್ತು, ಅಡುಗೆಮನೆಯೂ ಬೆಚ್ಚಗಿತ್ತು. ಮೂಲೆಯ ಮಲಗುವ ಕೋಣೆಗೆ ಕಾಲಿಟ್ಟ ತಕ್ಷಣ ನೆಲ ತಣ್ಣಗೆ ಕೊರೆಯಿತು. ಆ ಕೋಣೆಯ ನೆಲದಡಿಯ ಪೈಪಿನ ಸುತ್ತನ್ನು ಹಿಂದೆ ಯಾರೋ ಮುಚ್ಚಿಹಾಕಿದ್ದರು. ಬಂದ ತಜ್ಞರು ನೀರು ಬರುವ ಕವಾಟ ಮುಚ್ಚಿ, ಒತ್ತಡದ ಮಾಪಕದ ಮುಳ್ಳು ಇಳಿಯುತ್ತದೆಯೇ ಎಂದು ಕಾದರು. ಇಳಿಯಲಿಲ್ಲ. ಅಂದರೆ ಉಳಿದ ಸುತ್ತುಗಳು ಸೋರುತ್ತಿಲ್ಲ. ಒಂದು ಕೋಣೆಯ ಚಳಿಯನ್ನು ಲೆಕ್ಕ ಹಾಕಿ ಬೆಲೆ ಹೇಳಿದೆವು. ಆ ಕೋಣೆಗೆ ಆಮೇಲೆ ಗೋಡೆಗೆ ತೂಗುವ, ವಿದ್ಯುತ್ತಿನಿಂದ ಕೋಣೆ ಬಿಸಿ ಮಾಡುವ ಹೀಟ್ ಪಂಪ್ ಹಾಕಿಸಿಕೊಂಡೆವು.

ಎರಡನೆಯದು ಛಾವಣಿ. ಮಲೆನಾಡಿನ ಮುಚ್ಚಿಗೆಯ ಮೇಲೆ ಅಟ್ಟ, ಅದರ ಮೇಲೆ ಹೆಂಚು ಇರುತ್ತದಲ್ಲ, ಇಲ್ಲಿ ಹಾಗಿಲ್ಲ. ಕೆಳಗಿನಿಂದ ಕಾಣುವ ಹಲಗೆಯೇ ಛಾವಣಿ. ಅದರ ಮೇಲೆ ಡಾಂಬರು ಜಲ್ಲಿ, ಇಲ್ಲವೇ ಈಚಿನ ವರ್ಷಗಳಲ್ಲಿ ಸಿಂಪಡಿಸಿದ ಮೇಲೆ ಗಟ್ಟಿಯಾಗುವ ಫೋಮ್ ಪದರ. ಇಳಿಜಾರು ಇದ್ದೂ ಇಲ್ಲದಂತೆ. ಹಲಗೆಯಲ್ಲಿ ಕಪ್ಪು ಕಲೆ ಕಂಡರೆ ಅಲ್ಲಿ ಎಂದೋ ನೀರು ಇಳಿದಿದೆ ಎಂದೇ ಅರ್ಥ. ಅಟ್ಟವಿಲ್ಲದ್ದರಿಂದ ಹೊಸ ವೈರು ಎಳೆಯಬೇಕಿದ್ದರೂ ಛಾವಣಿಯ ಮೇಲಿಂದಲೇ ಎಳೆಯಬೇಕು. ನಾವು ಈ ವಿಷಯದಲ್ಲಿ ಒಂದು ತಪ್ಪು ಮಾಡಿದೆವು. ಒಗ್ಗರಣೆಯ ಹೊಗೆ ಮನೆಯೆಲ್ಲ ತುಂಬುತ್ತದೆಂದು ಒಲೆಯ ಮೇಲೆ ಹೊಗೆಗೂಡು ಹಾಕಿಸಿ, ಅದರ ಕೊಳವೆಯನ್ನು ಛಾವಣಿ ಸೀಳಿ ಹೊರಗೆ ಬಿಟ್ಟೆವು. ಫೋಮ್ ಹಾಕಿಸಿದ್ದು ಅದರ ಮುಂದಿನ ವರ್ಷ. ಆ ನಡುವಿನ ಮಳೆಗಾಲದಲ್ಲಿ ಕೊಳವೆಯ ಸುತ್ತ ನೀರು ಇಳಿದು ಎರಡು ಹಲಗೆ ಕೆಟ್ಟವು. ಛಾವಣಿ ತೂತು ಮಾಡುವ ಕೆಲಸಗಳನ್ನೆಲ್ಲ ಮೊದಲು ಮುಗಿಸಿಕೊಂಡು, ಮಳೆಗಾಲ ಬರುವ ಮೊದಲೇ ಫೋಮ್ ಹಾಕಿಸಬೇಕು.

ಮೂರನೆಯದು ತೊಲೆಯ ತುದಿ. ತೊಲೆಗಳು ಗೋಡೆ ದಾಟಿ ಹೊರಗೆ ಚಾಚಿರುತ್ತವೆ. ಬಿಸಿಲು ಮಳೆ ತಿಂದು ಅವುಗಳ ತುದಿ ಒಳಗಿನಿಂದ ಕೊಳೆತಿರುತ್ತದೆ, ಮೇಲೆ ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ. ಸ್ಕ್ರೂ ಡ್ರೈವರ್ ತುದಿಯಿಂದ ಒತ್ತಿ ನೋಡಿದರೆ ಗಟ್ಟಿ ಮರ ಟಕ್ ಎನ್ನುತ್ತದೆ. ಕೊಳೆತದ್ದಾದರೆ ಮೊನೆ ಬೆಣ್ಣೆಯೊಳಗೆ ಇಳಿದಂತೆ ಇಳಿಯುತ್ತದೆ. ಮನೆ ಮಾರುವಾಗ ಮಾಡಿಸುವ ಗೆದ್ದಲಿನ ತಪಾಸಣಾ ವರದಿಯಲ್ಲಿ ಎರಡು ಭಾಗಗಳಿರುತ್ತವೆ: ಮೊದಲನೆಯದು ಈಗಾಗಲೇ ಹತ್ತಿರುವ ಗೆದ್ದಲು ಮತ್ತು ಕೊಳೆತ, ಎರಡನೆಯದು ಮುಂದೆ ಹತ್ತಬಹುದಾದ ಜಾಗಗಳು. ಮೊದಲನೆಯ ಭಾಗದ ರಿಪೇರಿ ಖರ್ಚನ್ನು ಕೈಯಲ್ಲಿ ಹಿಡಿದೇ ಬೆಲೆಯ ಮಾತಿಗೆ ಕೂರಬೇಕು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಹಳೆಯ ಗಾಜು ಗಟ್ಟಿಗೊಳಿಸಿದ ಗಾಜಲ್ಲ. ಒಡೆದರೆ ಕತ್ತಿಯಂಥ ಚೂರುಗಳಾಗುತ್ತವೆ, ಮಕ್ಕಳಿರುವ ಮನೆಯಲ್ಲಿ ಮೊದಲು ಬದಲಿಸಬೇಕು. ಹಳೆಯ ನೆಲದ ಟೈಲುಗಳಲ್ಲಿ, ಧೂಳಾದರೆ ಶ್ವಾಸಕೋಶಕ್ಕೆ ಕೆಡುಕಾಗುವ ಆಸ್‌ಬೆಸ್ಟಾಸ್ ಇರಬಹುದು. ಅವನ್ನು ಕೆದಕದೆ ನಾವು ಮೇಲೆ ಹೊಸ ನೆಲಹಾಸು ಹಾಕಿಸಿದೆವು.

ಮಾರುವ ಹೊತ್ತು ಬಂದಾಗ ನನ್ನ ಚಿಂತೆಯೇ ಬೇರೆಯಾಗಿತ್ತು. ಅಂಗಳಕ್ಕೆ ಛಾವಣಿ ಮುಚ್ಚಿ ಇನ್ನೊಂದು ಕೋಣೆ ಮಾಡಿಕೊಳ್ಳುವವರು, ಒಳಗೋಡೆಯ ಮಹೋಗನಿ ಹಲಗೆಗೆ ಬಿಳಿ ಬಣ್ಣ ಬಳಿಯುವವರು ಕೊಂಡರೆ ಏನು ಮಾಡುವುದು? ಕ್ಯುಪರ್ಟಿನೊ ನಗರಾಡಳಿತ ಈ ಬಡಾವಣೆಗೆಂದೇ ಆರ್1-ಇ ಎಂಬ ಪ್ರತ್ಯೇಕ ವಲಯ ಮಾಡಿದೆ. ಛಾವಣಿಯ ಇಳಿಜಾರು ಹನ್ನೆರಡು ಅಡಿಗೆ ಮೂರು ಅಡಿ ಮೀರಬಾರದು ಎಂಬಂಥ ನಿಯಮಗಳಿವೆ. ಆದರೆ ಅವು ನೋಡಿಕೊಳ್ಳುವುದು ಹೊರಗಿನ ರೂಪವನ್ನು. ಒಳಗಿನದು ಮಾಲೀಕರ ಮನಸ್ಸಿಗೆ ಬಿಟ್ಟದ್ದು.

ನನ್ನ ಹೆಂಡತಿ, "ಕೊಳ್ಳುವವರು ಪತ್ರ ಬರೆಯುತ್ತಾರಂತೆ. ಮನೆಯನ್ನು ಪ್ರೀತಿಸುವವರು ಯಾರೆಂದು ಓದಿ ಆರಿಸೋಣ," ಎಂದಳು. ಏಜೆಂಟ್ ಬೇಡವೆಂದರು. ಆ ಪತ್ರಗಳಲ್ಲಿ ಮಕ್ಕಳ ಫೋಟೊ, ಹಬ್ಬದ ಫೋಟೊ ಇರುತ್ತವೆ. ಅವನ್ನು ನೋಡಿ ಆರಿಸಿದರೆ ಜನಾಂಗ, ಧರ್ಮ, ಕುಟುಂಬದ ಆಧಾರದ ಮೇಲೆ ತಾರತಮ್ಯ ಮಾಡಿದ ಆರೋಪಕ್ಕೆ ದಾರಿಯಾಗುತ್ತದೆ, ವಸತಿ ಕಾನೂನು ಅದನ್ನು ಒಪ್ಪುವುದಿಲ್ಲ ಎಂದು ವಿವರಿಸಿದರು. ಆ ಮಾತು ನನ್ನನ್ನು ತಟ್ಟಿತು. ಕರಿಯರಿಗೂ ಏಷ್ಯಾದವರಿಗೂ ಮನೆ ಮಾರದ ಬಡಾವಣೆಗಳೇ ತುಂಬಿದ್ದ ಕಾಲದಲ್ಲಿ ಐಕ್ಲರ್ ಯಾರು ಬಂದರೂ ಮಾರುತ್ತಿದ್ದರು. ತಾರತಮ್ಯದ ವಿರುದ್ಧ ನಿಲ್ಲಲು ಒಪ್ಪದ ರಾಷ್ಟ್ರೀಯ ಗೃಹನಿರ್ಮಾಪಕರ ಸಂಘವನ್ನು 1958ರಲ್ಲಿ ತೊರೆದು ಬಂದರು. ಅಂಥವರು ಕಟ್ಟಿದ ಮನೆಯನ್ನು ಮುಖ ನೋಡಿ ಮಾರುವುದು ನನ್ನಿಂದಾಗದು. ಒಂದು ಪತ್ರವನ್ನೂ ಓದಲಿಲ್ಲ.

ಅದರ ಬದಲು ಮನೆಯನ್ನು ಅದರದೇ ರೂಪದಲ್ಲಿ ತೋರಿಸಲು ತಯಾರಿ ಮಾಡಿದೆವು. ಹಿಂದಿನವರು ಬಣ್ಣ ಬಳಿದಿದ್ದ ಒಂದು ಗೋಡೆಯ ಹಲಗೆ ತೆಗೆಸಿ, ಲವಾನ್ (ಫಿಲಿಪೈನ್ ಮಹೋಗನಿ) ಪ್ಲೈವುಡ್ ಹಾಕಿಸಿ, ಉಳಿದ ಗೋಡೆಗಳ ಬಣ್ಣಕ್ಕೆ ಹೊಂದುವವರೆಗೆ ಐದಾರು ತುಂಡುಗಳ ಮೇಲೆ ಮರದ ಎಳೆ ಮುಚ್ಚದ ತೆಳು ಬಣ್ಣ ಹಚ್ಚಿ ನೋಡಿದೆವು. ಅಂಗಳದಲ್ಲಿದ್ದ ಸಾಮಾನನ್ನೆಲ್ಲ ಎತ್ತಿಸಿ ಎರಡು ಜರಿಗಿಡದ ಕುಂಡ ಮಾತ್ರ ಉಳಿಸಿದೆವು. ಆ ಮನೆಗೆ ಬೆಲೆ ಕಟ್ಟಬಲ್ಲವರು ಅದನ್ನು ನೋಡಿಯೇ ಹೆಚ್ಚು ಕೊಡುತ್ತಾರೆ, ಒಡೆದು ಕಟ್ಟುವವರಿಗೆ ಆ ಬೆಲೆ ದುಬಾರಿಯೆನಿಸುತ್ತದೆ ಎಂಬುದು ನಮ್ಮ ಲೆಕ್ಕ. ಹಾಗೆಯೇ ಆಯಿತು. ತಣ್ಣನೆಯ ಕೋಣೆ, ಕೆಟ್ಟು ಬದಲಿಸಿದ ಎರಡು ಹಲಗೆ, ಟೈಲಿನ ಸಂಗತಿ ಎಲ್ಲವನ್ನೂ ಮಾಹಿತಿ ಪತ್ರದಲ್ಲಿ ಬರೆದುಕೊಟ್ಟೆ. ಗೊತ್ತಿದ್ದ ದೋಷವನ್ನು ಮುಚ್ಚಿಡುವುದು ಇಲ್ಲಿ ಕಾನೂನಿಗೆ ವಿರುದ್ಧ, ಮನಸ್ಸಿಗೂ ವಿರುದ್ಧ.

ಲೆಕ್ಕದ ಒಂದು ಮಾತು. ಹಿಂದಿನ ಐದು ವರ್ಷಗಳಲ್ಲಿ ಎರಡು ವರ್ಷ ಸ್ವಂತ ಮನೆಯಲ್ಲಿ ವಾಸವಿದ್ದ ದಂಪತಿಗೆ 5,00,000 ಡಾಲರಿನವರೆಗಿನ ಲಾಭಕ್ಕೆ ಕೇಂದ್ರ ತೆರಿಗೆಯಿಲ್ಲ. ಈ ಮಿತಿ 1997ರಿಂದ ಬದಲಾಗಿಲ್ಲ, ಮನೆಗಳ ಬೆಲೆ ಮಾತ್ರ ಎಲ್ಲಿಂದ ಎಲ್ಲಿಗೋ ಹೋಗಿದೆ. ಫೋಮ್ ಛಾವಣಿ, ಗಾಜು, ಹೀಟ್ ಪಂಪ್‌ಗಳ ಖರ್ಚನ್ನು ಕೊಂಡ ಬೆಲೆಗೆ ಸೇರಿಸಿಕೊಳ್ಳಬಹುದು, ಆಗ ಲೆಕ್ಕಕ್ಕೆ ಬರುವ ಲಾಭ ಅಷ್ಟು ಕಡಿಮೆಯಾಗುತ್ತದೆ. ಹನ್ನೊಂದು ವರ್ಷದ ರಸೀದಿಗಳನ್ನು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದು ಆಗ ಉಪಯೋಗಕ್ಕೆ ಬಂತು.

ಎಸ್ಕ್ರೋ (ಹಣವನ್ನೂ ಪತ್ರಗಳನ್ನೂ ಮೂರನೆಯವರ ವಶದಲ್ಲಿಟ್ಟು ವ್ಯವಹಾರ ಮುಗಿಸುವ ಏರ್ಪಾಡು) ಮುಗಿದು ಕೀಲಿ ಕೊಡುವ ದಿನ ಕೊಂಡವರನ್ನು ಮೊದಲ ಸಲ ಕಂಡೆ. ನೆಲದೊಳಗಿನ ಪೈಪುಗಳು ಕಾಣುವಂತೆ ಶಾಖದ ಕ್ಯಾಮೆರಾದಲ್ಲಿ ತೆಗೆಸಿದ್ದ ಚಿತ್ರವನ್ನು ಬಾಯ್ಲರ್ ಕಪಾಟಿನ ಬಾಗಿಲಿಗೆ ಅಂಟಿಸಿಟ್ಟಿದ್ದೆ, ಅದನ್ನು ತೋರಿಸಿದೆ. ಆಮೇಲೆ ಅಂಗಳಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಬಿದ್ದ ಮಳೆನೀರಿಗೆ ಹೊರಗೆ ಹೋಗಲು ಒಂದೇ ಒಂದು ದಾರಿ, ನೆಲದಡಿಯ ಒಂದು ಕೊಳವೆ. ಅದರ ಬಾಯಿಗೆ ಎಲೆ ಕಟ್ಟಿದರೆ ನೀರು ನೇರ ಹಜಾರಕ್ಕೆ ನುಗ್ಗುತ್ತದೆ. ಊರಿನಲ್ಲಿ ಅಜ್ಜಿ ಮಳೆಗಾಲಕ್ಕೆ ಮೊದಲು ತೊಟ್ಟಿಯ ನೀರುದಾರಿಗೆ ಕೈಹಾಕಿ ಕಸ ತೆಗೆಯುತ್ತಿದ್ದುದನ್ನು ಹೇಳಿದೆ. ಮನೆ ಕೊಂಡಿದ್ದ ಹೆಂಗಸು ಏನೂ ಮಾತಾಡದೆ ಮಂಡಿಯೂರಿ, ಜಾಲರಿ ಎತ್ತಿ, ಮೊಣಕೈವರೆಗೆ ಕೈ ಇಳಿಸಿ ಒಂದು ಹಿಡಿ ಕೊಳೆತ ಎಲೆ ಹೊರಗೆ ತೆಗೆದರು. "ವರ್ಷಕ್ಕೆ ಎಷ್ಟು ಸಲ ತೆಗೆಯಬೇಕು?" ಎಂದು ಕೇಳಿದರು. ಅಕ್ಟೋಬರಿನಿಂದ ಮಾರ್ಚಿಯವರೆಗೆ ಪ್ರತಿ ಮಳೆಗೂ ಮೊದಲು ಎಂದೆ.