ಸ್ಪ್ಯಾನಿಷ್ ಮನೆಮಾತಿನ ಪುಟ್ಟ ಮಕ್ಕಳಿಗೆ ಎರಡು ಭಾಷೆಗಳಲ್ಲಿ ಓದಿನ ಬುನಾದಿ ಹಾಕುವ ಬಗೆ

ಅಮೆರಿಕದಲ್ಲಿ 1965ರಲ್ಲಿ ಆರಂಭವಾದ ಹೆಡ್ ಸ್ಟಾರ್ಟ್ ಶಾಲಾಪೂರ್ವ ಕೇಂದ್ರಗಳಿಗೆ ಬರುವ ಮೂರು-ನಾಲ್ಕು ವರ್ಷದ ಮಕ್ಕಳಲ್ಲಿ ಅನೇಕರ ಮನೆಮಾತು ಸ್ಪ್ಯಾನಿಷ್. ಇಂಥ ಮಗುವಿನ ಹೆತ್ತವರಿಗೆ, ಮನೆಯಲ್ಲಿ ಇಂಗ್ಲಿಷನ್ನೇ ಆಡಿ ಎಂಬ ಸಲಹೆಯನ್ನು ಶಿಕ್ಷಕರು ಎಂದಿಗೂ ಕೊಡಬಾರದು. ತನಗೆ ಸಲೀಸಲ್ಲದ ಭಾಷೆಯಲ್ಲಿ ತಾಯಿ ಆಡುವ ಮಾತು ಸೊರಗುತ್ತದೆ. ಕಥೆ, ಒಗಟು, ಹರಟೆಗಳು ಹಿಂದೆ ಸರಿದು ‘ಬಾ’, ‘ತಿನ್ನು’, ‘ಮಲಗು’ ಎಂಬಷ್ಟೇ ಉಳಿಯುವ ಅಪಾಯವಿದೆ.

ಅಕ್ಷರಕ್ಕಿಂತ ಮೊದಲು ಧ್ವನಿಯ ಅರಿವು ಮೂಡಿಸಬೇಕು. ಸ್ಪ್ಯಾನಿಷ್‌ನಲ್ಲಿ ಸ್ವರಧ್ವನಿಗಳು ಐದೇ, ಬರೆದಂತೆ ಓದುವುದೂ ಬಹುಮಟ್ಟಿಗೆ ಸಾಧ್ಯ. ಆದ್ದರಿಂದ ನಮ್ಮ ಕಾಗುಣಿತವನ್ನು ನೆನಪಿಸುವ ‘ಮ, ಮೆ, ಮಿ, ಮೊ, ಮು’ ಸಾಲುಗಳಿಂದ ಅಲ್ಲಿ ಓದು ಕಲಿಸುವ ರೂಢಿ ಹಳೆಯದು. ಮೇಜು ಎಂಬರ್ಥದ ‘ಮೆಸಾ’ ಪದಕ್ಕೆ ಎರಡು ಚಪ್ಪಾಳೆ, ಚಿಟ್ಟೆ ಎಂಬರ್ಥದ ‘ಮಾರಿಪೋಸಾ’ಕ್ಕೆ ನಾಲ್ಕು ಚಪ್ಪಾಳೆ ತಟ್ಟಿಸಿ, ಎರಡೂ ಯಾವ ಧ್ವನಿಯಿಂದ ಶುರುವಾಗುತ್ತವೆ ಎಂದು ಕೇಳಿ. ಮಾತನ್ನು ಹೀಗೆ ಬಿಡಿಸಿ ಕೇಳುವ ಶಕ್ತಿ ಒಂದು ಭಾಷೆಯಲ್ಲಿ ಬಂದರೆ ಇನ್ನೊಂದರ ಕಲಿಕೆಗೂ ಒದಗುತ್ತದೆ. ಅದೇ ‘ಮ’ಕಾರವನ್ನು ಮಗು ‘ಮೂನ್’, ‘ಮಿಲ್ಕ್’ ಪದಗಳಲ್ಲಿಯೂ ಗುರುತಿಸುತ್ತದೆ. ಎಂ, ಎಸ್, ಎಲ್, ಎಫ್ ಅಕ್ಷರಗಳ ಧ್ವನಿ ಎರಡು ಭಾಷೆಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅವುಗಳಿಂದ ಆರಂಭಿಸಿ, ಸ್ಪ್ಯಾನಿಷ್‌ನಲ್ಲಿ ಸಾಮಾನ್ಯವಾಗಿ ಉಚ್ಚಾರಣೆಯೇ ಇಲ್ಲದ ಎಚ್ ಹಾಗೂ ಧ್ವನಿ ಬದಲಾಗುವ ಜೆ ಅಕ್ಷರಗಳನ್ನು ನಂತರಕ್ಕೆ ಇಟ್ಟುಕೊಳ್ಳಿ. ‘ಸ್ಕೂಲ್’ ಎನ್ನಬೇಕಾದಲ್ಲಿ ಮಗು ‘ಎಸ್ಕೂಲ್’ ಎಂದರೆ ಗದರಬೇಡಿ, ಏಕೆಂದರೆ ಸಕಾರದ ಒತ್ತಕ್ಷರದಿಂದ ಪದ ಆರಂಭಿಸುವುದು ಸ್ಪ್ಯಾನಿಷ್‌ನ ಜಾಯಮಾನವಲ್ಲ.

ಒಂದೇ ಕಥೆ ಎರಡೂ ಭಾಷೆಗಳಲ್ಲಿ ದೊರೆತರೆ, ಮೊದಲು ಸ್ಪ್ಯಾನಿಷ್‌ನಲ್ಲಿ ಮನೆಯವರು ಓದಲಿ, ಕಥೆ ಮನಸ್ಸಿಗೆ ಇಳಿದ ಮೇಲೆ ತರಗತಿಯಲ್ಲಿ ಇಂಗ್ಲಿಷ್‌ನಲ್ಲಿ ಓದಿ. ಓದುವಾಗ ಪುಟ ಮುಗಿಸುವ ಆತುರ ಬೇಡ: ‘ಮುಂದೇನಾಗಬಹುದು?’, ‘ಅವನು ಏಕೆ ಅಳುತ್ತಿದ್ದಾನೆ?’ ಎಂದು ಕೇಳಿ, ಉತ್ತರ ಯಾವ ಭಾಷೆಯಲ್ಲಿ ಬಂದರೂ ಒಪ್ಪಿಕೊಂಡು, ಅದಕ್ಕೆ ಇನ್ನೊಂದು ಪದ ಸೇರಿಸಿ ಹೇಳಿ. ‘ಎಲೆಫಾಂತೆ’ ಮತ್ತು ‘ಎಲಿಫೆಂಟ್’, ‘ಫಮಿಲಿಯಾ’ ಮತ್ತು ‘ಫ್ಯಾಮಿಲಿ’ಗಳಂಥ ಜೋಡಿಗಳು ಎದುರಾದಾಗ ಅವುಗಳ ಹೋಲಿಕೆಯನ್ನು ಬಾಯಿಬಿಟ್ಟೇ ತೋರಿಸಬೇಕು, ಏಕೆಂದರೆ ಈ ವಯಸ್ಸಿನವರು ಅದನ್ನು ತಾವಾಗಿ ಗಮನಿಸುವುದು ಕಡಿಮೆ. ಓದಲು ಬಾರದ ಅಜ್ಜಿಯೂ ಚಿತ್ರ ನೋಡುತ್ತ ಕಥೆ ಹೇಳಬಲ್ಲರು. ಅವರನ್ನು ಕೇಂದ್ರಕ್ಕೆ ಕರೆಸಿ, ಒಗಟು ಹಾಗೂ ಪ್ರಾಸಪದ್ಯಗಳನ್ನು ಹೇಳಿಸಿ.

ಪದಸಂಪತ್ತನ್ನು ಅಳೆಯುವಾಗ ಎರಡು ಭಾಷೆಗಳನ್ನೂ ಒಟ್ಟಿಗೆ ಪರಿಗಣಿಸಿ. ಚಿತ್ರ ನೋಡಿ ‘ಗಾತೊ’ ಎಂದ ಮಗುವಿಗೆ ಬೆಕ್ಕು ಗೊತ್ತಿದೆ. ಕಲಿಸಬೇಕಾಗಿರುವುದು ಅದರ ಇಂಗ್ಲಿಷ್ ಹೆಸರನ್ನು ಮಾತ್ರ. ಎರಡೂ ಭಾಷೆಗಳಲ್ಲಿ ಮಾತು ಕುಂಟುತ್ತಿದ್ದರೆ ತಡಮಾಡದೆ, ಸ್ಪ್ಯಾನಿಷ್ ಬಲ್ಲ ವಾಕ್‌ತಜ್ಞರಿಗೆ ತೋರಿಸಿ.