ಬ್ರೇಕ್ ಮೊದಲು, ರಿಮ್ ಆಮೇಲೆ: ಅಳತೆಗಳನ್ನು ಆರಿಸಿಕೊಂಡ ನನ್ನ ಅನುಭವ

ಕಾರಿಗೆ ದೊಡ್ಡ ರಿಮ್ ಹಾಕಿಸಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಅದರ ವಿನ್ಯಾಸಕ್ಕೆ ಮನಸೋತು, ಅದಕ್ಕೆ ಹೊಂದುವ ಟೈರ್ ಹುಡುಕಿ, ಬ್ರೇಕಿನ ವಿಚಾರಕ್ಕೆ ಕೊನೆಯಲ್ಲಿ ಬರುತ್ತಾರೆ. ನಾನು ಈ ಕ್ರಮವನ್ನು ಪೂರ್ತಿ ತಿರುಗಿಸಿದೆ. ಎಷ್ಟು ಬ್ರೇಕ್ ಬೇಕು ಎಂಬುದನ್ನು ಶಾಖದ ಲೆಕ್ಕದಿಂದ ತೀರ್ಮಾನಿಸಿ, ಆ ಬ್ರೇಕಿಗೆ ಒಳಗೆ ಜಾಗ ಕೊಡುವ ಅತಿ ಚಿಕ್ಕ ರಿಮ್ ಆರಿಸಿ, ಟೈರಿನ ಹೊರವ್ಯಾಸ ಮೊದಲಿನಷ್ಟೇ ಉಳಿಯುವಂತೆ ನೋಡಿಕೊಂಡೆ. ನನ್ನದು ಸುಮಾರು 1,400 ಕಿಲೋ ತೂಗುವ, ಮುಂದಿನ ಚಕ್ರಗಳಿಂದ ಓಡುವ ಟರ್ಬೊ ಹ್ಯಾಚ್‌ಬ್ಯಾಕ್. ಮೂಲದಲ್ಲಿ 7.5ಜೆ (ಅಂದರೆ 7.5 ಇಂಚು) ಅಗಲದ 17 ಇಂಚಿನ ರಿಮ್, 225/45 ಆರ್17 ಟೈರ್ (225 ಮಿ.ಮೀ. ಅಗಲ, ಪಕ್ಕಗೋಡೆಯ ಎತ್ತರ ಅದರ ಶೇ. 45, ರಿಮ್ 17 ಇಂಚು), ಮುಂದೆ 312 ಮಿ.ಮೀ. ವ್ಯಾಸದ ಬ್ರೇಕ್ ಡಿಸ್ಕ್ ಇದ್ದವು.

ದೊಡ್ಡ ಡಿಸ್ಕ್ ಹಾಕಿದರೆ ಕಾರು ಬೇಗ ನಿಲ್ಲುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಪೆಡಲನ್ನು ಬಲವಾಗಿ ತುಳಿದಾಗ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ತಿರುಗದೆ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಕೆಲಸಕ್ಕಿಳಿಯುತ್ತದೆ ಎಂದರೆ, ಟೈರಿನ ಹಿಡಿತವನ್ನು ಮೀರುವಷ್ಟು ಬಲ ಬ್ರೇಕಿಗೆ ಈಗಾಗಲೇ ಇದೆ ಎಂದೇ ಅರ್ಥ. ಅಂಥ ಕಾರು ಒಂದು ಸಲ ನಿಲ್ಲುವ ದೂರವನ್ನು ಕಡಿಮೆ ಮಾಡಬಲ್ಲದ್ದು ಒಳ್ಳೆಯ ಟೈರ್ ಮಾತ್ರ. ದೊಡ್ಡ ಡಿಸ್ಕಿನ ನಿಜವಾದ ಉಪಯೋಗ ಮತ್ತೆ ಮತ್ತೆ ಬ್ರೇಕ್ ಹಿಡಿಯಬೇಕಾದ ಕಡೆ, ಶಾಖವನ್ನು ತಾಳಿಕೊಂಡು ಹೊರಬಿಡುವುದರಲ್ಲಿದೆ.

1,400 ಕಿಲೋ ಕಾರನ್ನು ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸುವಾಗ ಸುಮಾರು 540 ಕಿಲೋಜೂಲ್ ಶಕ್ತಿ ಶಾಖವಾಗಬೇಕು. ಅದರಲ್ಲಿ ಶೇ. 70ರಷ್ಟು ಮುಂದಿನ ಎರಡು ಡಿಸ್ಕುಗಳಿಗೆ ಹೋಗುತ್ತದೆ ಎಂದಿಟ್ಟುಕೊಂಡರೆ, 8 ಕಿಲೋ ತೂಕದ ಒಂದೊಂದು ಬೀಡುಕಬ್ಬಿಣದ ಡಿಸ್ಕೂ ಒಂದೇ ನಿಲುಗಡೆಗೆ ಹೆಚ್ಚುಕಡಿಮೆ 50 ಡಿಗ್ರಿ ಸೆಲ್ಸಿಯಸ್ ಕಾಯುತ್ತದೆ. ಇದೇನೂ ದೊಡ್ಡದಲ್ಲ. ಆದರೆ 500 ಮೀಟರ್ ಎತ್ತರದ ಬೆಟ್ಟವನ್ನು ಇಳಿಯುವಾಗ ಅದೇ ಕಾರು ಬಿಟ್ಟುಕೊಡುವ ಶಕ್ತಿ ಸುಮಾರು 6,900 ಕಿಲೋಜೂಲ್, ಅಂದರೆ ಅಂಥ ಹನ್ನೆರಡಕ್ಕೂ ಹೆಚ್ಚು ನಿಲುಗಡೆಗಳಷ್ಟು. ಎಂಜಿನ್ ಮತ್ತು ಗಾಳಿ ಅದರಲ್ಲಿ ಒಂದು ಪಾಲನ್ನು ತೆಗೆದುಕೊಂಡರೂ, ವೇಗವಾಗಿ ಇಳಿಯುವವನ ಬ್ರೇಕಿಗೆ ತಣಿಯಲು ಬಿಡುವೇ ಸಿಗುವುದಿಲ್ಲ. ನಾನು ಹೆಚ್ಚಾಗಿ ಓಡಿಸುವುದು ಬೆಟ್ಟದ ರಸ್ತೆಗಳಲ್ಲಾದ್ದರಿಂದ ನನಗೆ ಈ ಲೆಕ್ಕವೇ ಮುಖ್ಯವಾಯಿತು.

ಹಾಗೆಂದು ನೇರವಾಗಿ ಡಿಸ್ಕ್ ಬದಲಿಸಲಿಲ್ಲ. ಮೊದಲು, ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡುಗಳ ಬದಲಿಗೆ ಹೆಚ್ಚು ಶಾಖ ತಾಳುವಂಥವನ್ನು ಹಾಕಿ, ಹಳೆಯ ಬ್ರೇಕ್ ಆಯಿಲ್ ಪೂರ್ತಿ ತೆಗೆದು ಡಾಟ್ 4 ದರ್ಜೆಯ ಹೊಸ ಆಯಿಲ್ ತುಂಬಿಸಿದೆ. ಡಾಟ್ 4 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಬ್ರೇಕ್ ಸೋತಾಗ ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ ಸೋತದ್ದು ಪ್ಯಾಡ್. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಕುದ್ದದ್ದು ಆಯಿಲ್. ಎರಡನೆಯದಕ್ಕೆ ಎಷ್ಟೋ ಸಲ ಹೊಸ ಆಯಿಲೇ ಸಾಕಾಗುತ್ತದೆ.

ಆಮೇಲೆ ಡಿಸ್ಕಿನ ಹೊರ ಅಂಚಿಗೆ, ಪ್ಯಾಡ್ ತಾಗದ ಜಾಗದಲ್ಲಿ, ಶಾಖಕ್ಕೆ ಬಣ್ಣ ಬದಲಿಸುವ ಪೇಂಟನ್ನು ಮೂರು ಗೆರೆಗಳಾಗಿ ಬಳಿದೆ. ನಾನು ಬಳಸಿದ್ದರಲ್ಲಿ ಹಸಿರು ಸುಮಾರು 430 ಡಿಗ್ರಿಗೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಬಣ್ಣ ಬಿಡುತ್ತವೆ. ನನ್ನ ಮಾಮೂಲಿ ಇಳಿಜಾರು ಮುಗಿಸಿ ಚಕ್ರ ಬಿಚ್ಚಿ ನೋಡಿದಾಗ ಹಸಿರು ಬೆಳ್ಳಗಾಗಿತ್ತು, ಕಿತ್ತಳೆ ಹಳದಿಯಾಗಿತ್ತು, ಕೆಂಪು ಗೆರೆ ಹಾಗೆಯೇ ಉಳಿದಿತ್ತು. ರಸ್ತೆಗೆಂದೇ ಮಾಡಿದ ಪ್ಯಾಡಿಗೆ 560 ಡಿಗ್ರಿ ತೀರಾ ಹೆಚ್ಚು. ದೊಡ್ಡ ಡಿಸ್ಕ್ ಬೇಕೆಂಬ ತೀರ್ಮಾನಕ್ಕೆ ಬಂದದ್ದು ಈ ಗೆರೆಗಳನ್ನು ನೋಡಿದ ಮೇಲೆಯೇ.

340 ಮಿ.ಮೀ. ವ್ಯಾಸ, 30 ಮಿ.ಮೀ. ದಪ್ಪದ ಡಿಸ್ಕ್ ಆರಿಸಿಕೊಂಡೆ. ಪಿಸ್ಟನ್ನುಗಳಿಂದ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗವಾದ ಕ್ಯಾಲಿಪರ್ ವಿಷಯದಲ್ಲಿ ಪಿಸ್ಟನ್ನುಗಳ ಸಂಖ್ಯೆಗಿಂತ ಅವುಗಳ ಒಟ್ಟು ವಿಸ್ತೀರ್ಣವನ್ನು ನೋಡಬೇಕು, ಏಕೆಂದರೆ ಪೆಡಲ್ ತುಳಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದೇ ಆಗಿರುತ್ತದೆ. ವಿಸ್ತೀರ್ಣ ಬಹಳ ಹೆಚ್ಚಾದರೆ ಪೆಡಲ್ ಆಳಕ್ಕೆ ಹೋಗುತ್ತದೆ, ಮುಂದೆ ಹಿಂದಿನ ಬ್ರೇಕುಗಳ ಸಮತೋಲವೂ ಕೆಡುತ್ತದೆ. 57 ಮಿ.ಮೀ.ನ ಒಂದೇ ಪಿಸ್ಟನ್ ಇರುವ ಹಳೆಯ, ಜಾರುವ ಬಗೆಯ ಕ್ಯಾಲಿಪರಿನ ವಿಸ್ತೀರ್ಣ 25.5 ಚದರ ಸೆಂ.ಮೀ. ಎದುರುಬದುರು ಪಿಸ್ಟನ್ನುಗಳಿರುವ ಕ್ಯಾಲಿಪರಿನಲ್ಲಿ ಒಂದು ಬದಿಯನ್ನಷ್ಟೇ ಎಣಿಸಬೇಕು. 38 ಮತ್ತು 42 ಮಿ.ಮೀ. ಜೋಡಿಗೆ ಅದು 25.2 ಆಗುತ್ತದೆ. ಈ ನಾಲ್ಕು ಪಿಸ್ಟನ್ ಕ್ಯಾಲಿಪರ್ ಹಾಕಿದ ಮೇಲೆ ಪೆಡಲಿನ ಆಳ ಬದಲಾಗಲಿಲ್ಲ. ಡಿಸ್ಕಿನ ತ್ರಿಜ್ಯ ಹೆಚ್ಚಿದ್ದರಿಂದ ಮುಂದಿನ ಬ್ರೇಕಿನ ಬಲ ಸುಮಾರು ಶೇ. 10ರಷ್ಟು ಏರುತ್ತದೆ, 70:30 ಇದ್ದ ಹಂಚಿಕೆ 72:28ರ ಆಸುಪಾಸಿಗೆ ಬರುತ್ತದೆ. ಅಷ್ಟು ವ್ಯತ್ಯಾಸ ನನಗೆ ಒಪ್ಪಿಗೆಯಾಯಿತು, ಹಿಂದಿನ ಬ್ರೇಕನ್ನು ಮುಟ್ಟಲಿಲ್ಲ.

ಇನ್ನು ರಿಮ್. 18 ಇಂಚು ಎಂಬ ಸಂಖ್ಯೆ ಟೈರ್ ಕೂರುವ ಜಾಗದ ವ್ಯಾಸವನ್ನು ಹೇಳುತ್ತದೆಯೇ ಹೊರತು ಒಳಗೆ ಕ್ಯಾಲಿಪರಿಗೆ ಎಷ್ಟು ಜಾಗವಿದೆ ಎಂಬುದನ್ನಲ್ಲ. ಒಂದೇ ವ್ಯಾಸ, ಒಂದೇ ಆಫ್‌ಸೆಟ್ (ರಿಮ್ಮಿನ ಅಗಲದ ನಡುಗೆರೆಯಿಂದ, ಅದು ಹಬ್ಬಿಗೆ ಅಂದರೆ ಚಕ್ರ ಬಿಗಿಯುವ ನಡುಭಾಗಕ್ಕೆ ತಾಗುವ ಮುಖದವರೆಗಿನ ದೂರ) ಇರುವ ಎರಡು ರಿಮ್ಮುಗಳಲ್ಲಿ ಒಂದರ ಕಡ್ಡಿಗಳು ಹೊರಕ್ಕೆ ಬಾಗಿರುತ್ತವೆ, ಇನ್ನೊಂದರವು ನೇರವಾಗಿ ಇಳಿದು ಕ್ಯಾಲಿಪರಿಗೆ ತಾಗುತ್ತವೆ. ಬ್ರೇಕ್ ತಯಾರಕರು ಕೊಡುವ ಕ್ಯಾಲಿಪರ್ ನಕ್ಷೆಯನ್ನು ಪೂರ್ಣ ಅಳತೆಯಲ್ಲಿ ಮುದ್ರಿಸಿ, ದಪ್ಪ ರಟ್ಟಿಗೆ ಅಂಟಿಸಿ ಕತ್ತರಿಸಿಕೊಂಡು, ರಿಮ್ಮನ್ನು ಬೋರಲು ಹಾಕಿ ಹಬ್ ತಾಗುವ ಮುಖದಿಂದ ಆ ರಟ್ಟನ್ನು ಸುತ್ತಲೂ ತಿರುಗಿಸಿ ನೋಡಿದೆ. 17 ಇಂಚಿನ ರಿಮ್ಮಿನಲ್ಲಿ ರಟ್ಟು ಒಳಗೋಡೆಗೇ ಸಿಕ್ಕಿಕೊಂಡಿತು. 18 ಇಂಚಿನದರಲ್ಲಿ ಸಲೀಸಾಗಿ ತಿರುಗಿತು. ಆದರೂ ನಿಜವಾದ ಕ್ಯಾಲಿಪರ್ ಕೂರಿಸಿದ ಮೇಲೆ ಅದರ ಹೊರಮೈಗೆ ಜೇಡಿಯಂಥ ಮೆತ್ತನೆಯ ಮಣ್ಣನ್ನು ಮೆತ್ತಿ, ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಒತ್ತಿ ತೆಳ್ಳಗಾದ ಕಡೆಯ ದಪ್ಪವನ್ನು ಅಳೆದೆ: 4 ಮಿ.ಮೀ. 3ಕ್ಕಿಂತ ಕಡಿಮೆಯಿದ್ದಿದ್ದರೆ ಆ ರಿಮ್ಮನ್ನು ಒಪ್ಪುತ್ತಿರಲಿಲ್ಲ.

ಅಗಲ ಮತ್ತು ಆಫ್‌ಸೆಟ್ ಎರಡನ್ನೂ ಒಟ್ಟಿಗೇ ಲೆಕ್ಕ ಹಾಕಬೇಕು. ಹಳೆಯ ರಿಮ್ 7.5ಜೆ, ಇಟಿ 49, ಅಂದರೆ ಆಫ್‌ಸೆಟ್ 49 ಮಿ.ಮೀ. ಅರ್ಧ ಅಗಲಕ್ಕೆ ಆಫ್‌ಸೆಟ್ ಕೂಡಿಸಿದರೆ ಹಬ್ ತಾಗುವ ಮುಖದಿಂದ ಒಳಬದಿಯ ದೂರ, ಕಳೆದರೆ ಹೊರಬದಿಯ ದೂರ, ಅವು 144.3 ಮತ್ತು 46.3 ಮಿ.ಮೀ. ಹೊಸ 8ಜೆ, ಇಟಿ 45ಕ್ಕೆ 146.6 ಮತ್ತು 56.6. ಅಂದರೆ ರಿಮ್ ಶಾಕ್ ಅಬ್ಸಾರ್ಬರ್ ಕಡೆಗೆ 2 ಮಿ.ಮೀ.ಗಿಂತ ತುಸು ಹೆಚ್ಚು, ಫೆಂಡರ್ ಕಡೆಗೆ 10 ಮಿ.ಮೀ. ಸರಿಯುತ್ತದೆ. 8.5ಜೆ ಆಗಿದ್ದರೆ ಅದೇ ಆಫ್‌ಸೆಟ್‌ನಲ್ಲಿ ಒಳಕ್ಕೆ 9, ಹೊರಕ್ಕೆ 17 ಆಗುತ್ತಿತ್ತು. ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಚಕ್ರ ಹೊರಕ್ಕೆ ಹೋದಷ್ಟೂ ಆಕ್ಸಿಲರೇಟರ್ ಒತ್ತಿದಾಗ ಸ್ಟಿಯರಿಂಗ್ ಎಳೆಯುವುದು ಹೆಚ್ಚುವ ಸಂಭವವಿರುವುದರಿಂದ ನಾನು 8ಜೆಗೇ ನಿಂತೆ.

ಟೈರಿಗೆ 225/40 ಆರ್18 ಸಾಕಾಯಿತು. ಹಳೆಯದರ ಹೊರವ್ಯಾಸ 634 ಮಿ.ಮೀ., ಇದರದು 637; ಶೇಕಡಾ ಅರ್ಧದಷ್ಟು ವ್ಯತ್ಯಾಸವಾದ್ದರಿಂದ ಸ್ಪೀಡೋಮೀಟರ್ ಕೆಡಲಿಲ್ಲ. 19 ಇಂಚಿಗೆ ಹೋಗಿ 225/35 ಹಾಕಿದ್ದರೆ ಟೈರಿನ ಪಕ್ಕಗೋಡೆ 101 ಮಿ.ಮೀ.ನಿಂದ 79ಕ್ಕೆ ಇಳಿಯುತ್ತಿತ್ತು, ಗುಂಡಿಯ ಪೆಟ್ಟು ನೇರವಾಗಿ ರಿಮ್ಮಿಗೆ ಬೀಳುತ್ತಿತ್ತು. ಭಾರದ ಸೂಚ್ಯಂಕವೂ ನನ್ನ ಟೈರಿನ 91ರಿಂದ, ಅಂದರೆ ಟೈರೊಂದಕ್ಕೆ 615 ಕಿಲೋದಿಂದ, ಆ ಅಳತೆಯಲ್ಲಿ ಸಾಮಾನ್ಯವಾದ 88ಕ್ಕೆ, ಅಂದರೆ 560ಕ್ಕೆ, ಇಳಿಯುತ್ತಿತ್ತು. ನಾನು ಹಾಕಿದ 18 ಇಂಚಿನ ಎಕ್ಸ್‌ಎಲ್ (ಹೆಚ್ಚು ಭಾರ ಹೊರಲೆಂದು ಮಾಡಿದ) ಟೈರಿನ ಸೂಚ್ಯಂಕ 92, ಅಂದರೆ 630 ಕಿಲೋ. ಆ ಭಾರ ಹೊರಲು ಅದಕ್ಕೆ ಮಾಮೂಲಿ ಟೈರಿಗಿಂತ ಹೆಚ್ಚು ಗಾಳಿ ಬೇಕೆಂಬುದನ್ನು ಮರೆಯಬಾರದು.

ಉಳಿದವು ಚಿಕ್ಕ ವಿಷಯಗಳಾದರೂ ಬಿಡುವಂಥವಲ್ಲ. ಬೋಲ್ಟುಗಳ ಅಂತರ 5×112 (112 ಮಿ.ಮೀ. ವ್ಯಾಸದ ವೃತ್ತದಲ್ಲಿ ಐದು ಬೋಲ್ಟು) ಹೊಂದಿದರಷ್ಟೇ ಸಾಲದು. ಹಬ್ಬಿನ ವ್ಯಾಸ 57.1 ಮಿ.ಮೀ., ರಿಮ್ಮಿನ ನಡುರಂಧ್ರ 66.6 ಇದ್ದುದರಿಂದ ನಡುವೆ ಉಂಗುರ ಕೂರಿಸಿದೆ. ಹಳೆಯ ಬೋಲ್ಟುಗಳ ಬುಡ ಗುಂಡಗಿತ್ತು, ಹೊಸ ರಿಮ್ಮಿಗೆ ಶಂಕುವಿನಾಕಾರದ್ದು ಬೇಕಿತ್ತು. ಅವನ್ನು ಬೇರೆಯೇ ತರಿಸಿ 120 ನ್ಯೂಟನ್ ಮೀಟರಿಗೆ ಬಿಗಿದೆ.

ಹೊಸ ಪ್ಯಾಡುಗಳನ್ನು ಪಳಗಿಸಿದ ಮೇಲೆ ಅದೇ ಇಳಿಜಾರಿನಲ್ಲಿ ಮತ್ತೆ ಪೇಂಟ್ ಬಳಿದು ಇಳಿದೆ. ಹಸಿರು ಗೆರೆಯೊಂದೇ ಬಣ್ಣ ಬಿಟ್ಟಿತ್ತು. ಹಳೆಯ ಚಿಕ್ಕ ಸ್ಟೆಪ್ನಿ ಈಗ ಮುಂದಿನ ಕ್ಯಾಲಿಪರಿನ ಮೇಲೆ ಕೂರುವುದಿಲ್ಲ. ಆದ್ದರಿಂದ ಮುಂದಿನ ಟೈರ್ ಪಂಚರ್ ಆದರೆ ಹಿಂದಿನ ಚಕ್ರವನ್ನು ಬಿಚ್ಚಿ ಮುಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಹಿಂದಕ್ಕೆ ಹಾಕಬೇಕು. ಎರಡು ಬಗೆಯ ಬೋಲ್ಟುಗಳೂ ಟಾರ್ಕ್ ಸ್ಪ್ಯಾನರೂ ಇದಕ್ಕಾಗಿಯೇ ಡಿಕ್ಕಿಯಲ್ಲಿವೆ.